ಉತ್ತರಿಸದವರೆಲ್ಲ ಶತ್ರುಗಳಲ್ಲ

ಧಾರವಾಡದ ಪಶ್ಚಿಮಕ್ಕಿರುವ ಮುಗದದಿಂದ ಗೋವೆಯ ದಾಬೋಳಿಗೆ ವಿಮಾನಕ್ಕಾದರೆ ಕೆಲವೇ ನಿಮಿಷಗಳ ದಾರಿ. ಅಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸಾ ನೆಲೆಯ ಯುದ್ಧವಿಮಾನಗಳೂ ಪ್ರಯಾಣಿಕರ ವಿಮಾನಗಳೂ ಒಂದೇ ರನ್‌ವೇಯಿಂದ ಏರುತ್ತವೆ. ಇವುಗಳಲ್ಲಿ ಯಾವುದು ಯಾವುದೆಂದು ಪ್ರೈಮರಿ ರೇಡಾರ್ ಹೇಳಲಾರದು; ಬಡಿದು ಮರಳಿದ ಅಲೆಯಿಂದ ಅದಕ್ಕೆ ತಿಳಿಯುವುದು ದೂರ, ದಿಕ್ಕುಗಳಷ್ಟೇ. ಸೆಕೆಂಡರಿ ರೇಡಾರ್ ಹಾಗಲ್ಲ, ರಾತ್ರಿ ಪಹರೆಯವನಂತೆ ‘ಯಾರಲ್ಲಿ?’ ಎಂದು ಕೇಳುತ್ತದೆ. 1030 ಮೆಗಾಹರ್ಟ್ಸ್‌ನಲ್ಲಿ ಅದು ಕಳಿಸುವ ಎರಡು ಮಿಡಿತಗಳ ನಡುವಿನ ಅಂತರ 8 ಮೈಕ್ರೋಸೆಕೆಂಡ್ ಇದ್ದರೆ ಗುರುತಿನ ಸಂಖ್ಯೆ ಕೇಳಿದಂತೆ, 21 ಇದ್ದರೆ ಎತ್ತರ ಕೇಳಿದಂತೆ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಸಂಖ್ಯೆಗೆ ನಾಲ್ಕು ಸ್ಥಾನ, ಪ್ರತಿ ಸ್ಥಾನದಲ್ಲಿ 0ಯಿಂದ 7ರವರೆಗಿನ ಅಂಕಿ. ಒಟ್ಟು 4096 ಸಂಕೇತಗಳು. ಈ ಸಂಖ್ಯೆಯನ್ನು ಸೇನಾ ವಿಮಾನಗಳೂ ಕೊಡಬಲ್ಲವು. ಅದರ ಜೊತೆಗೆ ಅವಕ್ಕೆ ಗೂಢಲಿಪಿಯ ಪ್ರಶ್ನೋತ್ತರವೂ ಉಂಟು; ಅದೇ ಐಎಫ್‌ಎಫ್.

ಆದರೆ ಈ ಯಂತ್ರ ಗುರುತಿಸುವುದು ಮಿತ್ರನನ್ನು ಮಾತ್ರ. ಉತ್ತರ ಬಾರದಿದ್ದರೆ ಅಲ್ಲಿರುವವನು ಶತ್ರುವಿರಬಹುದು, ಉಪಕರಣ ಕೆಟ್ಟ ನಮ್ಮವನೂ ಇರಬಹುದು. 2019ರ ಫೆಬ್ರವರಿ 27ರಂದು ಶ್ರೀನಗರದಿಂದ ಹಾರಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಡಗಾಮ್‌ನಲ್ಲಿ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದರ ಐಎಫ್‌ಎಫ್ ಆಫ್ ಆಗಿತ್ತೆಂದು ವಿಚಾರಣೆಯ ವರದಿಗಳು ಹೇಳಿದವು. ಉತ್ತರ ಬಂದರೂ ಅನಾಹುತ ತಪ್ಪದಿರಬಹುದು. 1988ರ ಜುಲೈ 3ರಂದು ಪ್ರಯಾಣಿಕ ವಿಮಾನ ಇರಾನ್ ಏರ್ 655 ನಾಗರಿಕ ಸಂಕೇತವನ್ನೇ ಕಳಿಸುತ್ತಿತ್ತು. ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್‌ನ ಸಿಬ್ಬಂದಿ ಬೇರೊಂದು ಸೇನಾ ಸಂಕೇತವನ್ನು ಅದರದೆಂದು ಭಾವಿಸಿ ಅದನ್ನು ಹೊಡೆದುರುಳಿಸಿದರು. 290 ಜನ ಪ್ರಾಣ ಕಳೆದುಕೊಂಡರು.

ಯುದ್ಧದ ಹೊತ್ತಿನಲ್ಲಿ ಪರಿಶೀಲನೆಗೆ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಮಯವಿಲ್ಲದ್ದರಿಂದಲೇ ಹಾರಾಟದ ಮಾಹಿತಿ ಕ್ಷಿಪಣಿ ಘಟಕಕ್ಕೆ ಮೊದಲೇ ತಲುಪಿರಬೇಕು. ಬಡಗಾಮ್‌ನ ಹೆಲಿಕಾಪ್ಟರ್ ನಮ್ಮದೆಂಬುದು ನಮ್ಮವರಿಗೇ ತಿಳಿದಿದ್ದ ಸಂಗತಿ. ಎಲ್ಲ ವಿಮಾನಗಳೂ ಸದಾ ಗುರುತು ಹೇಳುತ್ತಿರಲಿ ಎಂದರೆ, ಸೇನಾ ವಿಮಾನದ ಜಾಗ ಶತ್ರುವಿಗೂ ತಿಳಿದೀತು. ಹಾಗಾಗಿ ಒಂದೇ ಸಾಕ್ಷಿಯನ್ನು ನಂಬದಿರುವುದೇ ದಾರಿ. ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಸಿಎಬಿಎಸ್ ರೂಪಿಸಿ, 2017ರ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಗೆ ಒಪ್ಪಿಸಿದ ‘ನೇತ್ರ’ ಕಣ್ಗಾವಲು ವಿಮಾನದಲ್ಲಿ ಪ್ರೈಮರಿ ರೇಡಾರೂ ಐಎಫ್‌ಎಫೂ ಇವೆ, ಅನ್ಯರ ರೇಡಾರ್ ಅಲೆಗಳನ್ನು ಆಲಿಸುವ ಉಪಕರಣವೂ ಇದೆ. ಇವೆಲ್ಲವನ್ನೂ ಕೂಡಿಸಿ ನೋಡಿದ ಮೇಲೂ ಸಂಶಯ ಉಳಿದರೆ, ಅದರ ಲಾಭ ವಿಮಾನದಲ್ಲಿರುವ ಜೀವಗಳಿಗೆ ಸಿಗಬೇಕು.