ಸರದಿ ಕಾದ ಆಟಗಾರ

“ಸಾರ್, ಇವನಿಗೆ ನೀವಾದರೂ ಬುದ್ಧಿ ಹೇಳಿ. ಮೂರು ಹೊತ್ತೂ ಕಬಡ್ಡಿ. ಇನ್ನು ಓದುವುದು ಯಾವಾಗ?”

ಶಾಲೆ ಶುರುವಾಯಿತೆಂದರೆ ಹೀಗೆ ಹೇಳುವ ತಂದೆಯೊಬ್ಬರಾದರೂ ನನ್ನೆದುರು ನಿಂತಿರುತ್ತಾರೆ. ಪಕ್ಕದಲ್ಲಿ ತಲೆ ತಗ್ಗಿಸಿದ ಹುಡುಗ. ಹಿಂದೊಮ್ಮೆ ಇಂಥದೇ ಮಾತಿಗೆ ಓಗೊಟ್ಟು ಒಬ್ಬ ಹುಡುಗನ ಆಟ ಬಿಡಿಸಿದ್ದೆ. ಅವನ ಅಂಕವೇನೂ ಏರಲಿಲ್ಲ. ಹುಡುಗ ಮಾತ್ರ ಮಂಕಾದ. ಅಂದಿನಿಂದ ಬುದ್ಧಿ ಹೇಳುವ ಮೊದಲು ಚಾಡ್ ಹೆನ್ನಿಂಗ್ಸ್ ಎಂಬ ಅಮೆರಿಕನ್ನರ ಕಥೆ ಹೇಳುತ್ತೇನೆ.

ಹೆನ್ನಿಂಗ್ಸ್ ಹುಟ್ಟಿದ್ದು 1965ರಲ್ಲಿ, ಅಯೋವಾ ರಾಜ್ಯದ ಕೃಷಿಕ ಕುಟುಂಬದಲ್ಲಿ. ಆರೂವರೆ ಅಡಿ ಎತ್ತರದ ಆಳು. ಅವರ ಆಟ ಅಮೆರಿಕನ್ ಫುಟ್‌ಬಾಲ್. ನಮ್ಮ ಫುಟ್‌ಬಾಲಿಗೂ ಅದಕ್ಕೂ ಹೆಸರಷ್ಟೇ ಹೋಲಿಕೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಅಪ್ಪಳಿಸುವ ಆಟ ಅದು. ಎದುರಾಳಿಗಳ ಸಾಲನ್ನು ಒಡೆದು ನುಗ್ಗುವುದು ಇವರ ಕೆಲಸ. ಕೊಲೊರಾಡೊದ ವಾಯುಪಡೆ ಅಕಾಡೆಮಿಯಲ್ಲಿ ಓದುತ್ತಿದ್ದಾಗಲೇ, 1987ರಲ್ಲಿ, ಕಾಲೇಜು ಆಟಗಾರರಿಗೆ ಮೀಸಲಾದ ಔಟ್‌ಲ್ಯಾಂಡ್ ಟ್ರೋಫಿ ಅವರ ಪಾಲಾಯಿತು.

ಅಂಥವರಿಗಾಗಿ ವೃತ್ತಿಪರ ತಂಡಗಳು ಮುಗಿಬೀಳಬೇಕಿತ್ತು. ಹಾಗಾಗಲಿಲ್ಲ. ಅಕಾಡೆಮಿಯಲ್ಲಿ ಓದಿಗೆ ಶುಲ್ಕವಿಲ್ಲ. ಬದಲಿಗೆ ಪದವಿಯ ನಂತರ ವರ್ಷಗಟ್ಟಲೆ ಸೇವೆ ಸಲ್ಲಿಸಬೇಕೆಂಬ ಕರಾರು. ಆದ್ದರಿಂದ 1988ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಅವರನ್ನು ಆರಿಸಿಕೊಂಡದ್ದು 11ನೆಯ ಸುತ್ತಿನಲ್ಲಿ. ಬಂದಾಗ ಬರಲಿ ಎಂಬ ಲೆಕ್ಕಾಚಾರ.

ಹೆನ್ನಿಂಗ್ಸ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಾರಾಟ ಕಲಿತು ಎ-10 ಯುದ್ಧವಿಮಾನದ ಪೈಲಟ್ ಆದರು. ಕೆಳಮಟ್ಟದಲ್ಲಿ ಹಾರಿ ನೆಲದ ಗುರಿಗಳನ್ನು ಹೊಡೆಯುವ, ಒಬ್ಬರೇ ಕೂರುವ ವಿಮಾನವದು. ಪೈಲಟ್‌ನ ಸುತ್ತ ಟೈಟಾನಿಯಂ ಕವಚವಿರುತ್ತದೆ. 1991ರ ಕೊಲ್ಲಿ ಯುದ್ಧದ ನಂತರ ಉತ್ತರ ಇರಾಕಿನ ಕುರ್ದ್ ನಿರಾಶ್ರಿತರಿಗೆ ನೆರವು ತಲುಪಿಸುವ ಕಾರ್ಯಾಚರಣೆ ನಡೆಯಿತಲ್ಲ, ಅದರ ರಕ್ಷಣೆಗಾಗಿ ಅವರು 45 ಬಾರಿ ಹಾರಿದರು.

ಇಲ್ಲಿ ಒಂದಿಷ್ಟು ವಿಜ್ಞಾನ. ವಿಮಾನ ಬಿರುಸಾಗಿ ತಿರುಗುವಾಗ ಗುರುತ್ವದ ನಾಲ್ಕು ಪಟ್ಟು ಒತ್ತಡ ಬಿತ್ತೆನ್ನಿ. 60 ಕಿಲೋ ತೂಕದವನಿಗೆ ತಾನು 240 ಕಿಲೋ ಆದಂತೆ ಭಾಸವಾಗುತ್ತದೆ. ರಕ್ತ ಕಾಲಿನತ್ತ ಇಳಿದು ಕಣ್ಣು ಮಂಜಾಗಬಹುದು. ಆಗ ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಉಸಿರು ನಿಯಂತ್ರಿಸಬೇಕು. ಮೈದಾನದಲ್ಲಿ ಪಳಗಿದ ಮೈ ಅಲ್ಲಿ ದಂಡವಾಗುವುದಿಲ್ಲ.

ಶೀತಲ ಸಮರ ಮುಗಿದು ಅಮೆರಿಕ ತನ್ನ ಸೇನೆಯನ್ನು ಕುಗ್ಗಿಸಿದಾಗ, 1992ರಲ್ಲಿ, ಹೆನ್ನಿಂಗ್ಸ್‌ರಿಗೆ ಬೇಗನೆ ಬಿಡುಗಡೆ ಸಿಕ್ಕಿತು. ಇದು ಅದೃಷ್ಟವೇ ಸರಿ. ಆದರೆ ನಾಲ್ಕು ವರ್ಷ ಆಟದಿಂದ ದೂರವಿದ್ದ 26ರ ವ್ಯಕ್ತಿ ಮತ್ತೆ ಕೆಳಗಿನಿಂದ ಶುರುಮಾಡಿದ್ದು ಅದೃಷ್ಟವಲ್ಲ. ಮೊದಲಿಗೆ ಬದಲಿ ಆಟಗಾರ; ಆಮೇಲೆ ತಂಡದ ಆಧಾರ. 1992, 1993 ಮತ್ತು 1995ರ ಋತುಗಳಲ್ಲಿ ಸೂಪರ್ ಬೌಲ್ ಗೆದ್ದ ಕೌಬಾಯ್ಸ್ ತಂಡದಲ್ಲಿ ಅವರಿದ್ದರು. 2000ದ ಋತುವಿನವರೆಗೂ ಆಡಿ, ಆಟ ನಿಂತ ಮೇಲೆ ಡಲ್ಲಾಸಿನಲ್ಲಿ ವಾಣಿಜ್ಯ ಕಟ್ಟಡಗಳ ವ್ಯವಹಾರಕ್ಕಿಳಿದು ಸಂಸ್ಥೆಯೊಂದರ ಪಾಲುದಾರರಾದರು.

ಪಾಲಕರೇ, ಇಲ್ಲಿ ಗಮನಿಸಬೇಕಾದ್ದು ಪದಕಗಳನ್ನಲ್ಲ. ಅವರು ಎರಡು ದೋಣಿಯಲ್ಲಿ ಕಾಲಿಡಲಿಲ್ಲ. ಓದುವಾಗ ಆಟವನ್ನು ಬಿಡಲಿಲ್ಲ, ನಿಜ. ಆದರೆ ಕರ್ತವ್ಯ ಕರೆದಾಗ ಆಟವನ್ನು ಕಾಯಲು ಬಿಟ್ಟರು, ಸರದಿ ಬಂದಾಗ ಹಿಂದಿರುಗಿದರು. ಆಟ ಒಂದು ದಿನ ನಿಲ್ಲುತ್ತದೆ. ಆಗ ಕೈಹಿಡಿಯುವುದು ಓದು, ಶಿಸ್ತು, ಮಾತಿಗೆ ನಿಲ್ಲುವ ಗುಣ.

ಕಬಡ್ಡಿಯ ಹುಡುಗನಿಗೂ ನಾನು ಹೇಳುವುದಿಷ್ಟೆ: ಸಂಜೆ ಆರರವರೆಗೆ ಮೈದಾನ ನಿನ್ನದು. ಆಮೇಲೆ ಪುಸ್ತಕದ ಮುಂದೆ ಕೂತಾಗ ಕಬಡ್ಡಿಯನ್ನು ಮನಸ್ಸಿನೊಳಕ್ಕೆ ಬಿಡಬೇಡ. ತಂದೆಗೆ ಹೇಳುವುದು ಇನ್ನೂ ಚಿಕ್ಕದು: ಒಮ್ಮೆ ಅವನ ಆಟ ನೋಡಲು ಬನ್ನಿ.