ಘಾಟಿಯ ಕೆಳಗಿನ ಪ್ರಯೋಗಾಲಯ

ದೊಡ್ಡ ಕಾಯಿಲೆ ಅಂತಾದರೆ ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿಯುತ್ತಾರೆ, ಹೊಸನಗರದವರು ಹುಲಿಕಲ್ ಘಾಟಿ ಇಳಿಯುತ್ತಾರೆ. ಸಾಗರದವರಲ್ಲಿ ಕೆಲವರು ಶಿವಮೊಗ್ಗಕ್ಕೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದರೂ, ಘಾಟಿ ಇಳಿಯುವವರೂ ಇದ್ದೇ ಇದ್ದಾರೆ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮಲೆನಾಡಿನ ಎಷ್ಟೋ ಮನೆಗಳಿಗೆ ಕೊನೆಯ ಭರವಸೆ. ಆಸ್ಪತ್ರೆಯ ವಾರ್ಡು ನಮಗೆಲ್ಲ ಗೊತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಒಂದು ಚೂರು, ರೋಗಿಯ ಒಪ್ಪಿಗೆ ಪಡೆದು, ಅದೇ ಊರಿನ ಸ್ಕೂಲ್ ಆಫ್ ಲೈಫ್ ಸೈನ್ಸಸ್‌ನಂಥ ಪ್ರಯೋಗಾಲಯಕ್ಕೆ ಹೋಗಬಹುದು ಎನ್ನುವುದು ಅಷ್ಟಾಗಿ ಗೊತ್ತಿಲ್ಲ.

ಆ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಸತ್ಯಮೂರ್ತಿ ಆಣ್ವಿಕ ಜೀವಶಾಸ್ತ್ರಜ್ಞರು. ಮುಂದೆ ಧಾರವಾಡದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯದ ಕುಲಪತಿಯಾದರು. ಮಣಿಪಾಲಕ್ಕೆ ಬರುವ ಮೊದಲು ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಮೀನ್‌ಹಾರ್ಡ್ ಹರ್ಲಿನ್ ಅವರ ತಂಡದಲ್ಲಿದ್ದರು. ಅಲ್ಲಿ ಅವರ ವಿಷಯ ಮೆಲನೋಮಾ, ಅಂದರೆ ಬಿಳಿ ಚರ್ಮದವರನ್ನು ಹೆಚ್ಚಾಗಿ ಕಾಡುವ ಚರ್ಮದ ಕ್ಯಾನ್ಸರ್. 2002ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಈ ರೋಗದಲ್ಲಿ ಬಿ-ರಾಫ್ ಎಂಬ ಜೀನ್ ಬದಲಾಗಿರುವುದನ್ನು ಕಂಡುಹಿಡಿದರು. ಆ ಜೀನ್ ತಯಾರಿಸುವ ಪ್ರೋಟೀನಿನ 600ನೇ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ‘ಬೆಳೆ’ ಎಂಬ ಸಂಕೇತ ನಿಲ್ಲುವುದೇ ಇಲ್ಲ. ಮರುವರ್ಷವೇ ಸತ್ಯಮೂರ್ತಿ ಮತ್ತು ಸಂಗಡಿಗರ ಪ್ರಬಂಧ ಬಂತು. ಆ ಸಂಕೇತಕ್ಕೆ ಕೆಟ್ಟ ಜೀನ್ ಒಂದೇ ಕಾರಣವಲ್ಲ, ಕ್ಯಾನ್ಸರ್ ಕೋಶ ತನ್ನ ಬೆಳವಣಿಗೆಗೆ ಬೇಕಾದ ಅಂಶಗಳನ್ನು ತಾನೇ ಸ್ರವಿಸಿಕೊಂಡು ಅದನ್ನು ಜೀವಂತ ಇಡುತ್ತದೆ ಎಂದು ಅವರು ತೋರಿಸಿದ್ದರು.

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮೆಲನೋಮಾ ಅಪರೂಪ. ಇಲ್ಲಿನ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್, ಕವಳ ಹಾಕುವವರಿಗೆ ಬಾಯಿಯ ಕ್ಯಾನ್ಸರ್. ಮಣಿಪಾಲದಲ್ಲಿ ಸತ್ಯಮೂರ್ತಿಯವರ ಸಂಶೋಧನೆಯೂ ಈ ಕಡೆ ಹೊರಳಿತು. ಅವರ ವೃತ್ತಿಬದುಕಿನಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವುದು ಇದೇ. ಹೊರದೇಶದಲ್ಲಿ ಕಲಿತ ವಿದ್ಯೆಯನ್ನು ಅಲ್ಲಿನದೇ ರೋಗದ ಮೇಲೆ ಮುಂದುವರಿಸುವುದು ಸುಲಭವಿತ್ತು. ಅವರು ಎದುರಿಗಿದ್ದ ರೋಗಿಯ ಕಾಯಿಲೆಯನ್ನು ಆರಿಸಿಕೊಂಡರು.

ಇಲ್ಲಿ ಅವರು ಹುಡುಕಿದ್ದು ಬೇರೊಂದು ಬಗೆಯ ದೋಷ. ಡಿಎನ್‌ಎಯ ಅಕ್ಷರಗಳೆಲ್ಲ ಸರಿಯಾಗಿಯೇ ಇರುತ್ತವೆ, ಆದರೆ ಜೀನಿನ ಬಾಗಿಲಿಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿ ಬೀಗ ಹಾಕಿದಂತಾಗುತ್ತದೆ. ಬೆಳವಣಿಗೆಯನ್ನು ಹಿಡಿತದಲ್ಲಿಡಬೇಕಾದ ಜೀನಿಗೇ ಬೀಗ ಬಿದ್ದರೆ ಕೋಶ ಹತೋಟಿ ತಪ್ಪುತ್ತದೆ. ಈ ಗುರುತನ್ನು ಓದುವ ವಿಧಾನ ಸೊಗಸಾಗಿದೆ. ಡಿಎನ್‌ಎಗೆ ಬೈಸಲ್ಫೈಟ್ ಬೆರೆಸಿದರೆ ಮೀಥೈಲ್ ಅಂಟದ ‘ಸಿ’ ಅಕ್ಷರಗಳೆಲ್ಲ ‘ಯು’ ಆಗಿಬಿಡುತ್ತವೆ, ಅಂಟಿದವು ಹಾಗೇ ಉಳಿಯುತ್ತವೆ. ಆಮೇಲೆ ಆ ಎಳೆಯನ್ನು ಓದಿ, ಗಡ್ಡೆಯ ಡಿಎನ್‌ಎಯನ್ನು ರೋಗವಿಲ್ಲದ ಅಂಗಾಂಶದ ಡಿಎನ್‌ಎ ಜೊತೆ ಹೋಲಿಸುತ್ತಾರೆ. 2014ರಲ್ಲಿ ಶಮಪ್ರಸಾದ ಕಬೆಕ್ಕೋಡು, ಸತ್ಯಮೂರ್ತಿ ಮತ್ತಿತರರು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಡಾಕ್-2ಬಿ ಎಂಬ ಜೀನ್ ಹೀಗೆ ಮುಚ್ಚಿಹೋಗಿರುವುದನ್ನು ವರದಿ ಮಾಡಿದರು. ಆ ಜೀನ್ ಮತ್ತೆ ಕೆಲಸ ಮಾಡುವಂತೆ ಮಾಡಿದಾಗ ಕೋಶಗಳ ಬೆಳವಣಿಗೆ ತಗ್ಗಿತು. ಕೆಟ್ಟ ಅಕ್ಷರವನ್ನು ತಿದ್ದುವುದು ಬಹಳ ಕಷ್ಟ, ಬೀಗವನ್ನಾದರೂ ತೆಗೆಯಲು ಸಾಧ್ಯ. ಈ ದಾರಿ ಹಿಡಿದವರ ಆಸೆಯೆಲ್ಲ ಅಲ್ಲಿದೆ. ಬಾಯಿಯ ಕ್ಯಾನ್ಸರನ್ನು ಬೇಗ ಪತ್ತೆಮಾಡಲು ಇದೇ ಗುರುತು ನೆರವಾಗುವ ಬಗ್ಗೆ ಸತ್ಯಮೂರ್ತಿಯವರು ದಂತ ರೋಗಶಾಸ್ತ್ರಜ್ಞ ರಘು ರಾಧಾಕೃಷ್ಣನ್ ಮತ್ತು ಕಬೆಕ್ಕೋಡು ಅವರೊಂದಿಗೆ 2011ರಲ್ಲೇ ಬರೆದಿದ್ದರು.

ಅಡಿಕೆ ನಾಡಿನಲ್ಲಿ ಕೂತು ಇದನ್ನು ಬರೆಯುವಾಗ ಅಡಿಕೆಯ ಮಾತು ತಪ್ಪಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ತೋಟವನ್ನೇ ನಂಬಿದ ಮನೆಗಳಿಗೆ ಇದು ನೋವಿನ ಮಾತು, ಆ ನೋವು ನನಗೆ ಅರ್ಥವಾಗುತ್ತದೆ. ಹಾಗಂತ ಕಿವಿ ಮುಚ್ಚಿಕೊಳ್ಳುವುದು ಸರಿಯಲ್ಲ. ಸುಣ್ಣ ಸೇರಿದಾಗ ಅಡಿಕೆಯ ಚೊಗರಿನ ಅಂಶ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ಡಿಎನ್‌ಎಯನ್ನು ಗಾಸಿಗೊಳಿಸುವ ಕಣಗಳನ್ನು ಹುಟ್ಟಿಸುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರ ನಾರುಗಟ್ಟಲು ಕಾರಣವಾಗುತ್ತದೆ. ಬಾಯಿ ಉರಿಯುತ್ತದೆ, ಖಾರ ತಿನ್ನಲಾಗುವುದಿಲ್ಲ, ಕೊನೆಗೆ ಬಾಯಿ ಅಗಲಿಸಲೂ ಆಗುವುದಿಲ್ಲ. ಭಾರತದ ವಿಜ್ಞಾನಿಗಳೇ ವಸಡು-ಕೆನ್ನೆ ಭಾಗದ ಕ್ಯಾನ್ಸರಿನ ಜೀನ್‌ಗಳನ್ನು ಓದಿ 2013ರಲ್ಲಿ ಪ್ರಕಟಿಸಿದರು. ಮೊದಲು 50 ರೋಗಿಗಳ ಗಡ್ಡೆ, ಬಳಿಕ ಖಚಿತಪಡಿಸಿಕೊಳ್ಳಲು ಇನ್ನೂ 60 ಜನರದು. ಬೇರೆಡೆಯ ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಗೊತ್ತಿದ್ದ ಟಿಪಿ-53ರಂಥ ಜೀನ್‌ಗಳ ಜೊತೆಗೆ, ಈ ಭಾಗದ ಕ್ಯಾನ್ಸರಿಗೇ ವಿಶಿಷ್ಟವಾದ ಐದು ಜೀನ್‌ಗಳೂ ಕಂಡವು. ಹೊರಗಿನವರ ಗಡ್ಡೆಯನ್ನಷ್ಟೇ ಓದಿದ್ದರೆ ಅವು ಸಿಗುತ್ತಿರಲಿಲ್ಲ.

ಕ್ಯಾನ್ಸರಿಗೆ ಜೀನ್ ಕಾರಣ ಅಂದಕೂಡಲೇ ‘ಅವರ ಮನೆತನದಲ್ಲೇ ಉಂಟು’ ಎಂಬ ಮಾತು ನಮ್ಮಲ್ಲಿ ಹುಟ್ಟಿ, ಹೆಣ್ಣು-ಗಂಡಿನ ಸಂಬಂಧ ಕುದುರಿಸುವಾಗಲೂ ಅಡ್ಡ ಬರುತ್ತದೆ. ಜೀನ್ ಕಾರಣ ಅಂದರೆ ವಂಶದಿಂದ ಬಂತು ಅಂತಲ್ಲ. ಕ್ಯಾನ್ಸರುಗಳಲ್ಲಿ ವಂಶದಿಂದ ಬರುವವು ನೂರಕ್ಕೆ 5ರಿಂದ 10 ಮಾತ್ರ. ಉಳಿದವು ಬದುಕಿನ ಅವಧಿಯಲ್ಲಿ, ಒಂದು ಕೋಶದಲ್ಲಿ ಆದ ಕೆಡುಕಿನಿಂದ ಶುರುವಾದವು, ಮಕ್ಕಳಿಗೆ ದಾಟುವುದಿಲ್ಲ. ಹಾಗಾಗಿ ಮುಚ್ಚಿಡಬೇಕಿಲ್ಲ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಬಾಯಲ್ಲಿದ್ದರೆ ಮೊದಲು ತೋರಿಸಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ. ನಾಟಿ ಔಷಧಿಯಲ್ಲಿ ತಿಂಗಳು ಕಳೆದು ಘಾಟಿ ಇಳಿಯುವ ಹೊತ್ತಿಗೆ ಗಡ್ಡೆ ಕತ್ತಿಗೆ ಹಬ್ಬಿರಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳಿಗೆ ಈ ಸಂಶೋಧನೆಯಲ್ಲಿ ದೊಡ್ಡ ಕೆಲಸ ಕಾದಿದೆ. ನಮ್ಮ ಕಡೆ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ, ಕರಾವಳಿಯಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ಬೇಯಿಸಿದಾಗ ಚೊಗರಿನೊಂದಿಗೆ ಏನೇನು ಹೊರಗೆ ಹೋಗುತ್ತದೆ, ಉಳಿದದ್ದು ಕೆನ್ನೆಯ ಕೋಶದ ಯಾವ ಜೀನಿಗೆ ಬೀಗ ಹಾಕುತ್ತದೆ ಎಂದು ಹೋಲಿಸಿ ನೋಡಲು ಅಡಿಕೆ ಚೇಣಿಯ ಲೆಕ್ಕ ಬಲ್ಲ ಮನೆಯ ಹುಡುಗಿಗಿಂತ ತಕ್ಕವರು ಯಾರು? ಅಲ್ಲಿಗೆ ಹೋಗುವ ದಾರಿ ಹೀಗೆ: ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಅಥವಾ ಜೀವರಸಾಯನಶಾಸ್ತ್ರ, ಎಂ.ಎಸ್ಸಿ., ಆಮೇಲೆ ನಾಲ್ಕೈದು ವರ್ಷ ಪಿಎಚ್‌.ಡಿ. ಅದಕ್ಕೆ ಸಿಎಸ್‌ಐಆರ್ ಫೆಲೋಶಿಪ್ ಪರೀಕ್ಷೆ ಇದೆ, ಪಾಸಾಗಿ ಫೆಲೋಶಿಪ್ ಸಿಕ್ಕರೆ ಓದಿನ ಖರ್ಚಿಗೆ ಮನೆಯವರ ಮುಂದೆ ಕೈಚಾಚಬೇಕಿಲ್ಲ.