ಮೋಟಾರು ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್: ಅದರ ಕೆಲಸವೂ ಅದು ಕೆಟ್ಟುದರ ಗುರುತುಗಳೂ

ಹಳ್ಳಿಗಳಲ್ಲಿಯೂ ಈಗ ಅನೇಕ ಜಮೀನುದಾರರು ಪೆಟ್ರೋಲ್ ಕಾರುಗಳನ್ನು ಇಟ್ಟುಕೊಂಡಿರುವರು. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಹೊಗೆಕೊಳವೆಯಲ್ಲಿ ಸೇರಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವು ಕಣ್ಣಿಗೆ ಬೀಳದುದರಿಂದ ಅದರ ವಿಚಾರವನ್ನು ತಿಳಿದವರು ಕಡಮೆ. ಇದು ಕೆಟ್ಟರೆ ಹೊಸದನ್ನು ಹಾಕಿಸಲು ಬಹಳ ವೆಚ್ಚ ತಗಲುವುದು. ಆದರೆ ಇದು ತಾನಾಗಿ ಕೆಡುವುದು ಅಪರೂಪ. ಎಂಜಿನ್ನಿನ ಸಣ್ಣ ದೋಷವನ್ನು ಅಲಕ್ಷ್ಯಮಾಡುವುದರಿಂದಲೇ ಪ್ರಾಯಶಃ ಕೆಡುವುದು.

ಕೆಲಸಮಾಡುವ ರೀತಿ

ಕಾರಿನ ಹೊಗೆಯಲ್ಲಿ ಮುಖ್ಯವಾಗಿ ಮೂರು ಹಾನಿಕರ ವಸ್ತುಗಳಿರುವುವು: ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು, ಉರಿಯದೆ ಉಳಿದ ಪೆಟ್ರೋಲಿನ ಅಂಶ, ಮತ್ತು ಸಾರಜನಕದ ಆಕ್ಸೈಡುಗಳು. ಕನ್ವರ್ಟರಿನ ಉಕ್ಕಿನ ಕವಚದೊಳಗೆ ಪಿಂಗಾಣಿಯಂತಹ ಒಂದು ಗಟ್ಟಿಯಿರುವುದು. ಅದರಲ್ಲಿ ಜೇನುಹುಟ್ಟಿನಂತೆ ಸಾವಿರಾರು ಸಣ್ಣ ರಂಧ್ರಗಳು ಉದ್ದಕ್ಕೂ ಇರುವುವು. ಇವುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಅಮೂಲ್ಯ ಲೋಹಗಳನ್ನು ಬಹು ತೆಳುವಾಗಿ ಲೇಪಿಸಿರುವರು. ಹೊಗೆಯು ಇವನ್ನು ಸೋಕಿ ಹೋಗುವಾಗ ಆ ವಿಷಗಳು ಇಂಗಾಲಾಮ್ಲವಾಗಿಯೂ ನೀರಿನ ಆವಿಯಾಗಿಯೂ ಸಾರಜನಕವಾಗಿಯೂ ಮಾರ್ಪಡುವುವು. ಲೋಹಗಳು ಮಾತ್ರ ಖರ್ಚಾಗುವುದಿಲ್ಲ.

ಈ ಭಾಗವು ಸುಮಾರು ೨೫೦ ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯ್ದ ಮೇಲೆಯೇ ಚೆನ್ನಾಗಿ ಕೆಲಸಮಾಡತೊಡಗುವುದು. ಆದುದರಿಂದ ಕನ್ವರ್ಟರ್ ಇದ್ದರೂ ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನನ್ನು ನಡೆಸಬಾರದು.

ಫ್ರಾನ್ಸಿನಲ್ಲಿ ಹುಟ್ಟಿದ ಯೂಜೀನ್ ಹೂಡ್ರಿ ಎಂಬ ಎಂಜಿನಿಯರು ೧೯೫೦ರ ದಶಕದಲ್ಲಿ ಅಮೆರಿಕಾದಲ್ಲಿ ಕಾರುಗಳಿಗೆ ಇಂತಹ ಸಾಧನವನ್ನು ರಚಿಸಿದನು. ಆದರೆ ಆಗ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು. ಸೀಸವು ಲೋಹದ ಲೇಪವನ್ನು ಮುಚ್ಚಿ ನಿಷ್ಪ್ರಯೋಜಕಮಾಡುವುದು. ಆದುದರಿಂದ ಅಲ್ಲಿಯ ಹೊಸ ಕಾರುಗಳಲ್ಲಿ ಇದು ಸಾಮಾನ್ಯವಾದುದು ೧೯೭೫ರ ಮಾದರಿಗಳಿಂದ. ಭಾರತದಲ್ಲಿ ೧೯೯೫ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯಮಾಡಲಾಯಿತು. ಸೀಸದ ಪೆಟ್ರೋಲಿನ ಮಾರಾಟವು ೨೦೦೦ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲಾ ನಿಂತಿತು.

ಕೆಡುವುದಕ್ಕೆ ಕಾರಣಗಳು

ಸ್ಪಾರ್ಕ್ ಪ್ಲಗ್ಗು ಕೆಟ್ಟು ಒಂದು ಸಿಲಿಂಡರು ಸರಿಯಾಗಿ ಉರಿಯದಿದ್ದರೆ ಹಸಿ ಪೆಟ್ರೋಲು ಕನ್ವರ್ಟರಿಗೆ ಹರಿದು ಅಲ್ಲಿಯೇ ಉರಿಯುವುದು. ಆ ಕಾವಿಗೆ ಪಿಂಗಾಣಿಯು ಕರಗಿ ರಂಧ್ರಗಳು ಮುಚ್ಚಿಹೋಗುವುವು. ಸವೆದ ಎಂಜಿನ್ನು ಆಯಿಲನ್ನು ಸುಟ್ಟರೆ ಅದರ ಬೂದಿಯು ಲೇಪದ ಮೇಲೆ ಕೂರುವುದು. ಕಲಬೆರಕೆಯ ಪೆಟ್ರೋಲೂ, ಕಲ್ಲುದಾರಿಯಲ್ಲಿ ತಳಕ್ಕೆ ಬೀಳುವ ಪೆಟ್ಟೂ ಹಾನಿಕರವಾದುವು.

ಗುರುತುಗಳು

೧. ಕಾರು ಏರಿನಲ್ಲಿ ಬಳಲುವುದು. ಎಷ್ಟು ಒತ್ತಿದರೂ ವೇಗ ಹೆಚ್ಚದು. ಇದು ರಂಧ್ರಗಳು ಕಟ್ಟಿಕೊಂಡುದರ ಲಕ್ಷಣ.
೨. ಕಾರಿನ ತಳದಲ್ಲಿ ಗಲಗಲ ಶಬ್ದವಾಗುವುದು. ಪಿಂಗಾಣಿ ಒಡೆದಿರಬಹುದು.
೩. ಹೊಗೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಿಡದೆ ಬರುವುದು. ಎಂಜಿನ್ನಿಗೆ ಪೆಟ್ರೋಲು ಅತಿಯಾಗಿ ಹೋಗುತ್ತಿರಬಹುದು.
೪. ಪೆಟ್ರೋಲಿನ ಖರ್ಚು ಹೆಚ್ಚುವುದು. ಹೊಗೆ ತಪಾಸಣೆಯಲ್ಲಿ ಕಾರು ತೇರ್ಗಡೆಯಾಗದು.
೫. ಚಾಲಕನ ಎದುರಿಗೆ ಎಂಜಿನ್ ದೀಪವು ಹತ್ತುವುದು. ಹತ್ತಿಯೇ ಇದ್ದರೆ ಬೇಗನೆ ತೋರಿಸತಕ್ಕದ್ದು. ಮಿಣುಕುತ್ತಿದ್ದರೆ ಕನ್ವರ್ಟರಿಗೆ ಆ ಕ್ಷಣವೇ ಅಪಾಯವುಂಟೆಂದು ತಿಳಿದು, ವೇಗವನ್ನು ತಗ್ಗಿಸಿ ಕಾರನ್ನು ನಿಲ್ಲಿಸತಕ್ಕದ್ದು.

ಮಾಡತಕ್ಕ ಕೆಲಸ

ಈ ಗುರುತುಗಳಲ್ಲಿ ಕೆಲವು ಬೇರೆ ದೋಷಗಳಿಂದಲೂ ಕಾಣುವುದುಂಟು. ಆದುದರಿಂದ ಹೊಸ ಕನ್ವರ್ಟರಿಗೆ ಹಣ ಕೊಡುವ ಮೊದಲು ಪ್ಲಗ್ಗು, ಕಾಯಿಲ್, ಆಕ್ಸಿಜನ್ ಸೆನ್ಸರುಗಳನ್ನು ಪರೀಕ್ಷೆಮಾಡಿಸಬೇಕು. ಮೂಲದೋಷವನ್ನು ತಿದ್ದಿಸದಿದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುವುದು. ಕನ್ವರ್ಟರನ್ನು ತೆಗೆಸಿ ಬರಿಯ ಕೊಳವೆಯನ್ನು ಹಾಕಿಸುವುದು ಕಾನೂನಿಗೆ ವಿರುದ್ಧವಾದುದಲ್ಲದೆ ನೆರೆಹೊರೆಯವರ ಆರೋಗ್ಯಕ್ಕೂ ಕೇಡು.

ಒಕ್ಕಣೆಯ ಕಾಲದ ಎಚ್ಚರಿಕೆ

ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ರೂಢಿಯು ಅನೇಕ ಕಡೆಗಳಲ್ಲಿದೆ. ಒಣಹುಲ್ಲು ಕಾರಿನ ತಳಕ್ಕೆ ಸುತ್ತಿಕೊಂಡು ಕಾಯ್ದ ಕೊಳವೆಯನ್ನು ಸೋಕಿದರೆ ಬೆಂಕಿ ಹೊತ್ತುವುದು. ದೋಷವುಳ್ಳ ಎಂಜಿನ್ನಿನ ಕನ್ವರ್ಟರು ಕೆಂಪಗೆ ಕಾಯುವುದರಿಂದ ಅಪಾಯವು ಇನ್ನೂ ಹೆಚ್ಚು. ಹುಲ್ಲಿನ ಮೇಲೆ ಹಾದುಹೋದ ಕಾರನ್ನು ನಿಲ್ಲಿಸಿ ತಳವನ್ನು ನೋಡಿಸತಕ್ಕದ್ದು. ಬಣವೆಯ ಬಳಿ ಕಾರನ್ನು ನಿಲ್ಲಿಸಲೇಬಾರದು. ಗ್ರಾಮದ ಮುಖಂಡರು ಈ ವಿಷಯವನ್ನು ರೈತರಿಗೂ ಚಾಲಕರಿಗೂ ತಿಳಿಯಹೇಳಿ, ಒಕ್ಕಣೆಯು ಕಣದಲ್ಲಿಯೇ ನಡೆಯುವಂತೆ ನೋಡಿಕೊಂಡರೆ ಬೆಳೆಯೂ ವಾಹನವೂ ಪ್ರಾಣವೂ ಉಳಿಯುವುವು.